ಬೀಗದ ಮೇಲಿನ ಚೀಟಿ

ಮೂರನೆಯ ಚೊಂಬು ನೀರನ್ನು ಮಂಜಯ್ಯನ ಹೆಣದ ಎದೆಯ ಮೇಲೆ ಸುರಿಯುವಾಗ ಜನಿವಾರ ಜಾರಿತು. ಅದಕ್ಕೆ ಕಟ್ಟಿದ್ದ ಬೀಗದಕೈ ಚೊಂಬಿಗೆ ತಾಗಿ ಠಣ್ಣೆಂದಿತು. ರತ್ನಾಕರ ತಲೆಯೆತ್ತಿ ಸುತ್ತ ನೋಡಿದ. ಮಂಜಯ್ಯನ ತಮ್ಮನ ಮಗ ಕಿಟ್ಟ ಇನ್ನೊಂದು ಬಾಲ್ದಿ ನೀರಿಗೆಂದು ಕೆಳಗಿನ ನಲ್ಲಿಗೆ ಇಳಿದಿದ್ದ. ಒಳಕೋಣೆಯಲ್ಲಿ ಹೆಂಗಸರ ಅಳು ಕೇಳುತ್ತಿತ್ತು. ರತ್ನಾಕರ ಗಂಟು ಬಿಚ್ಚಿ ಬೀಗದಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

ಬೆಂಕಿಗೆ ಹೋಗಬಾರದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅದು ಬ್ಯಾಂಕಿನ ಬೀಗದಕೈ. ಮಂಜಯ್ಯ ಹದಿನೆಂಟು ವರ್ಷ ಕಲ್ಕತ್ತೆಯಲ್ಲಿ ಬ್ಯಾಂಕಿನ ಗೋದಾಮು ಕಾದವನು. ವ್ಯಾಪಾರಿ ತನ್ನ ಸರಕನ್ನು ಅಡವಿಟ್ಟು ಸಾಲ ತೆಗೆದರೆ ಆ ಸರಕಿಗೆ ಬ್ಯಾಂಕಿನ ಬೀಗ ಬೀಳುತ್ತಿತ್ತು. ಸಾಲ ಕಟ್ಟಿದಷ್ಟಕ್ಕೆ ಶಾಖೆ ನೋಡಿಕೊಳ್ಳುವ ಏಜೆಂಟರು ಬರೆದುಕೊಟ್ಟರೆ ಮಂಜಯ್ಯ ಅಷ್ಟೇ ಮೂಟೆ ಹೊರಗೆ ಬಿಡುತ್ತಿದ್ದ, ಒಂದು ಹಿಡಿ ಹೆಚ್ಚಿಲ್ಲ. ಅಡವೆಂದರೆ ಸರಕು ಬ್ಯಾಂಕಿನ ಕೈಯಲ್ಲಿರಬೇಕು ಎನ್ನುತ್ತದೆ ಕಾನೂನು. ಗರಿಯಾಹಾಟ್ ಬಜಾರಿನ ಹಿಂದಿನ ಆ ಗೋದಾಮಿನ ಮಟ್ಟಿಗೆ ಬ್ಯಾಂಕಿನ ಕೈ ಎಂದರೆ ಮಂಜಯ್ಯನ ಜನಿವಾರ. ನಿನ್ನೆಯವರೆಗೂ ಹಾಗೆಯೇ ನಡೆದಿತ್ತು. ಇಂದು ಬೆಳಗಿನ ಜಾವ ಎದೆಯಲ್ಲಿ ವಾಯು ಎಂದು ಬಿಸಿನೀರು ಕೇಳಿದವನು, ನೀರು ಕಾಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಈಗ ಆ ಗೋದಾಮಿನಲ್ಲಿದ್ದದ್ದು ರತ್ನಾಕರನದೇ ಅರವತ್ತು ಮೂಟೆ ಉದ್ದು. ಲೇಕ್ ಮಾರ್ಕೆಟ್ ಬಳಿ ಅವನದೊಂದು ಸಣ್ಣ ಹೋಟೆಲು. ಅದರ ಜೊತೆಗೆ ಊರಿನ ಇಡ್ಲಿ-ದೋಸೆಯವರಿಗೆಲ್ಲ ಉದ್ದು ಒದಗಿಸುವ ವ್ಯಾಪಾರ. ಬಾಂಗ್ಲಾ ಯುದ್ಧ ಬರುತ್ತದೆ, ಬೆಲೆ ಏರುತ್ತದೆಂದು ಮೊದಲೇ ಸಾಲ ಮಾಡಿ ಕೊಂಡಿದ್ದ. ಯುದ್ಧ ಹದಿಮೂರೇ ದಿನದಲ್ಲಿ ಮುಗಿದು ಬೆಲೆ ಬಿತ್ತು. ಶನಿವಾರದೊಳಗೆ ಕಟ್ಟದಿದ್ದರೆ ಸರಕನ್ನು ಹರಾಜು ಹಾಕುತ್ತೇವೆಂದು ಬ್ಯಾಂಕಿನ ನೋಟೀಸು ಬಂದಿತ್ತು. ಹರಾಜಿನಲ್ಲಿ ಮೂರು ಕಾಸಿಗೆ ಹೋದರೆ ಹೋಟೆಲೂ ಉಳಿಯುವುದಿಲ್ಲ. ಎಸ್ಪ್ಲನೇಡಿನ ಕ್ಯಾಂಟೀನ್ ಕಂಟ್ರಾಕ್ಟರನೊಬ್ಬ ಒಳ್ಳೆಯ ಬೆಲೆಗೆ ಇಪ್ಪತ್ತು ಮೂಟೆ ಕೊಳ್ಳಲು ಒಪ್ಪಿದ್ದ, ಆದರೆ ಇವತ್ತು ಗುರುವಾರ ಸಂಜೆ ಐದರೊಳಗೆ ಸರಕು ತಲುಪಬೇಕು, ದುಡ್ಡು ಆಮೇಲೆ. ಏಜೆಂಟರೋ, ಮೊದಲು ದುಡ್ಡು, ಆಮೇಲೆ ಸರಕು. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ.

ಹೆಣವನ್ನು ಚಟ್ಟಕ್ಕೆ ಏರಿಸುವ ಹೊತ್ತಿಗೆ ಏಜೆಂಟ್ ನಿತ್ಯಾನಂದರು ಹೂವಿನ ಹಾರ ಹಿಡಿದು ಬಂದರು. ಅವರೂ ಉಡುಪಿಯ ಕಡೆಯವರೇ. ಹಾರ ಹಾಕಿ ಕೈಮುಗಿದು, ಮಂಜಯ್ಯನ ಹೆಂಡತಿ ರಾಜೀವಿಯ ಮುಂದೆ ಸಂಕೋಚದಿಂದ ನಿಂತರು.

"ಅಮ್ಮ, ಇಂಥ ಹೊತ್ತಲ್ಲಿ ಕೇಳಬಾರದು. ಬೀಗದಕೈ ಎಲ್ಲುಂಟು?"

"ಅವರ ಜನಿವಾರದಲ್ಲೇ. ಮೀಯುವಾಗ ಸಹ ತೆಗೆದವರಲ್ಲ." ರಾಜೀವಿ ರತ್ನಾಕರನ ಕಡೆ ತಿರುಗಿದಳು. "ಮೀಯಿಸಿದ್ದು ನೀನಲ್ವಾ ಮಾರಾಯ? ನೋಡಿದ್ಯಾ?"

"ಇಲ್ಲಕ್ಕ, ಕಾಣಲಿಲ್ಲ," ಅಂದ ರತ್ನಾಕರ.

ನಾಲಿಗೆ ಅವನಿಗಿಂತ ಮುಂದೆ ಓಡಿತ್ತು. ರಾಜೀವಿ ಅವನನ್ನೇ ಒಂದು ಗಳಿಗೆ ನೋಡಿ, ಚಟ್ಟದ ಕಡೆ ತಿರುಗಿದಳು. ನಿತ್ಯಾನಂದರು ನಿಟ್ಟುಸಿರಿಟ್ಟರು. "ಹೋಗಲಿ. ಸಿಗದಿದ್ರೆ ನಾಳೆ ಇಬ್ಬರು ಸಾಕ್ಷಿ ಇಟ್ಟು ಬೀಗ ಒಡೆಸುವ. ಸರಕು ಸರಿಯಾಗಿ ಇದ್ರೆ ಮಂಜಯ್ಯನವರಿಗೆ ಬರಬೇಕಾದ್ದು ಎಲ್ಲ ಕೊಡಿಸುವ ಜವಾಬ್ದಾರಿ ನಂದು. ಒಂದು ಮೂಟೆ ಕಡಿಮೆ ಬಂದ್ರೂ ನನ್ನ ಕೈ ಕಟ್ಟಿದ ಹಾಗೆ."

ಎದುರುಮನೆಯ ಬಂಗಾಳಿ ಅಜ್ಜಿ, ಆ ಗಲ್ಲಿಗೆಲ್ಲ ಮಾಶಿಮಾ, ಹೊರಡುವವರಿಗೆ ಕೂಗಿ ಹೇಳಿದಳು: ಹೆಣ ಸುಡುವ ಘಾಟಿನಿಂದ ಬಂದವರು ಬಾಗಿಲಲ್ಲಿ ಕಬ್ಬಿಣ ಮುಟ್ಟಿ, ಬೇವು ಜಗಿದೇ ಒಳಗೆ ಬರಬೇಕು. ರತ್ನಾಕರನ ಸೊಂಟದಲ್ಲಿ ಕಬ್ಬಿಣ ಆಗಲೇ ತಣ್ಣಗೆ ಕೊರೆಯುತ್ತಿತ್ತು.

*

ಐದು ತಿಂಗಳ ಹಿಂದೆ, ದುರ್ಗಾಪೂಜೆಯ ರಜೆಯ ಮುನ್ನಾದಿನ, ರತ್ನಾಕರ ಇದೇ ಕೆಲಸಕ್ಕೆ ಗೋದಾಮಿಗೆ ಹೋಗಿದ್ದ. ಆಗ ಬೇಕಿದ್ದದ್ದು ಎರಡೇ ಮೂಟೆ.

ಮಂಜಯ್ಯ ಬಾಗಿಲು ಮುಚ್ಚುತ್ತಿದ್ದ. ಬೀಗ ಹಾಕಿ, ಎಳೆದು ನೋಡಿ, ಕಾಗದದ ಪಟ್ಟಿಯೊಂದರ ಮೇಲೆ ತಾರೀಕು, ಗಂಟೆ, ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದ. ಬುತ್ತಿಯ ತಳದಲ್ಲಿ ಉಳಿಸಿಕೊಂಡಿದ್ದ ನಾಲ್ಕು ಅಗುಳು ಅನ್ನವನ್ನು ಹೆಬ್ಬೆರಳಲ್ಲಿ ಮಸೆದು, ಬೀಗದ ಕಣ್ಣಿನ ಮೇಲೆ ಆ ಚೀಟಿ ಅಂಟಿಸಿದ. ಹೀಗೆ ಮಾಡೆಂದು ಬ್ಯಾಂಕು ಹೇಳಿರಲಿಲ್ಲ. ಅದು ಅವನದೇ ಕಟ್ಟಳೆ. ಊರಿನ ಕುಚ್ಚಲಕ್ಕಿ ಅನ್ನವೆಂದರೆ ಅವನಿಗೆ ಪ್ರಾಣ. ಆದರೆ ಅದು ಕಾಗದಕ್ಕೆ ಸರಿಯಾಗಿ ಅಂಟುವುದಿಲ್ಲವೆಂದು ಭಾನುವಾರ ಬಿಟ್ಟು ಉಳಿದ ದಿನವೆಲ್ಲ ಅಂಟುವ ಬಿಳಿಯ ಬೆಳ್ತಿಗೆ ಅನ್ನವನ್ನೇ ಕಟ್ಟಿಸಿಕೊಂಡು ಬರುತ್ತಿದ್ದ.

"ಎರಡೇ ಮೂಟೆ ಮಂಜಣ್ಣ. ರಜೆ ಮುಗಿದ ಕೂಡಲೇ ದುಡ್ಡು ಬ್ಯಾಂಕಲ್ಲಿ ಇರ್ತದೆ. ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ತದಲ್ವಾ ಮಾರಾಯ," ಅಂದ ಮಂಜಯ್ಯ. "ಈ ಬೀಗದಕೈ ನನ್ನ ಹತ್ರ ಇರುವಷ್ಟು ಹೊತ್ತು ಸರಕು ಬ್ಯಾಂಕಿನ ಕೈಯಲ್ಲಿ ಉಂಟು. ನಿನ್ನ ಕೈಗೆ ಒಂದು ಗಳಿಗೆ ಬಂದ್ರೂ ಅಡವು ಹರಿದ ಹಾಗೆ. ಆಮೇಲೆ ನಾನು ಎಂತ ಕಾಯೂದು, ನನ್ನ ತಲೆಯಾ?"

ಸಿಟ್ಟು ಬಂದು ರತ್ನಾಕರ ಚೀಟಿಯನ್ನು ತೋರಿಸಿದ್ದ. "ಅಷ್ಟು ದೊಡ್ಡ ಬೀಗ ಉಂಟು. ಅದರ ಮೇಲೆ ಈ ಕಾಗದದ ಚೂರು ಯಾಕೆ? ಉಗುರು ತಾಗಿದ್ರೆ ಹರಿದು ಹೋಗ್ತದೆ."

ಮಂಜಯ್ಯ ನಕ್ಕಿದ್ದ. "ಬೀಗ ಕಳ್ಳರಿಗೆ. ಚೀಟಿ ಸ್ನೇಹಿತರಿಗೆ."

ರತ್ನಾಕರ ಎರಡು ತಿಂಗಳು ಮಾತು ಬಿಟ್ಟ. ಮಂಜಯ್ಯ ಮಾತ್ರ ದಿನವೂ ಬೆಳಿಗ್ಗೆ ಎಂಟಕ್ಕೆ ಹೋಟೆಲಿಗೆ ಬಂದು ಕಾಫಿ ಕುಡಿದು, ಗಲ್ಲಾಪೆಟ್ಟಿಗೆಯ ಮೇಲೆ ಚಿಲ್ಲರೆ ಇಟ್ಟು ಹೋಗುತ್ತಿದ್ದ. ಸ್ನೇಹ ಚೆನ್ನಾಗಿದ್ದಾಗಲೂ ಅವನು ಪುಕ್ಕಟೆ ಕಾಫಿ ಕುಡಿದವನಲ್ಲ. ಮಾತು ಬಿಟ್ಟಾಗಲೂ ಕಾಫಿ ಬಿಡಲಿಲ್ಲ.

*

ಕೇವ್ರಾತಲಾ ಘಾಟಿನಲ್ಲಿ ಕಿಟ್ಟ ಬೆಂಕಿ ಕೊಟ್ಟ. ಚಿತೆ ತಗ್ಗುವ ಹೊತ್ತಿಗೆ ಮೂರೂವರೆಯಾಗಿತ್ತು. ಆದಿಗಂಗೆಯ ಕೆಸರುನೀರಿನಲ್ಲಿ ಎಲ್ಲರೂ ಮುಳುಗೆದ್ದರು.

"ನೀವು ಮನೆಗೆ ನಡೀರಿ. ನಂಗೊಂದು ಸಣ್ಣ ಕೆಲಸ ಉಂಟು," ಎಂದು ರತ್ನಾಕರ ಕಿಟ್ಟನಿಗೆ ಹೇಳಿ ರಾಸ್‌ಬಿಹಾರಿಯಲ್ಲಿ ಟ್ರಾಮ್ ಹತ್ತಿದ. ಒದ್ದೆ ಪಂಚೆ, ಹೆಗಲ ಮೇಲೆ ಮೈ ಒರೆಸಿದ ಒದ್ದೆ ಬೈರಾಸು. ನೋಡಿದ ಕೂಡಲೇ ಜನ ಸರಿದು ಜಾಗ ಬಿಟ್ಟರು. ಕಂಡಕ್ಟರ್ ಅವನ ಮುಖ ನೋಡಿ, ಟಿಕೆಟ್ ಕೇಳದೆ ಮುಂದೆ ಹೋದ. ಅಷ್ಟು ಮರ್ಯಾದೆಗೆ ತಾನು ತಕ್ಕವನಲ್ಲ ಎನ್ನಿಸಿ ರತ್ನಾಕರ ಕಿಟಕಿಯ ಹೊರಗೆ ನೋಡುತ್ತ ಕೂತ.

ಗೋದಾಮಿನ ಮುಂದೆ, ಮೊದಲೇ ಮಾತಾಗಿದ್ದಂತೆ, ಕಂಟ್ರಾಕ್ಟರನ ಸಣ್ಣ ಲಾರಿ ಬಂದು ನಿಂತಿತ್ತು. ಗಾಡಿಯವನು ಬೀಡಿ ಎಸೆದು ಎದ್ದು, ನಾಲ್ಕಾಯಿತು, ಬೀಗ ತೆಗೆಯಿರಿ ಎಂದು ಅವಸರಿಸಿದ. "ಬಾಬು, ತಾಲಾ ಖೋಲಿಯೇ. ಚಾರ್ ಬಜ್ ಗಯಾ."

ರತ್ನಾಕರ ಬೀಗದಕೈ ತೆಗೆದ. ಹತ್ತೇ ನಿಮಿಷದ ಕೆಲಸ. ಸಂಜೆ ದುಡ್ಡು, ನಾಳೆ ಬ್ಯಾಂಕಿಗೆ, ಶನಿವಾರ ಹರಾಜಿಲ್ಲ. ಕೀ ಮಂಜಣ್ಣನ ಜೊತೆ ಸುಟ್ಟುಹೋಯಿತೆಂದೇ ಎಲ್ಲರೂ ತಿಳಿಯುತ್ತಾರೆ. ಇಪ್ಪತ್ತು ಮೂಟೆ ಕಡಿಮೆ ಬಂದರೆ, ಉತ್ತರ ಹೇಳಬೇಕಾದವನು ಬೂದಿಯಾಗಿದ್ದಾನೆ. ಮತ್ತೆ ರಾಜೀವಿಯಕ್ಕ? ಆ ಯೋಚನೆಯನ್ನು ಅವನು ಬೆಳಿಗ್ಗೆಯಿಂದ ತಳ್ಳುತ್ತಲೇ ಬಂದಿದ್ದ.

ಬೀಗದ ಮೇಲೆ ಚೀಟಿಯಿತ್ತು. ೧೬-೨-೭೨, ಸಂಜೆ ೫-೧೦, ಮಂಜಯ್ಯ. ಹೆಸರಿನ ಕೊನೆಯ ಅಕ್ಷರದ ಬಾಲ ಎಂದಿನಂತೆ ಉದ್ದಕ್ಕೆ ಎಳೆದಿತ್ತು. ರತ್ನಾಕರ ಒಂದು ಮೂಲೆಗೆ ಉಗುರು ಹಾಕಿದ. ಒಣಗಿದ ಅಗುಳೊಂದು ಉದುರಿ ಕೈಮೇಲೆ ಬಿತ್ತು.

ಅವನ ಕೈ ಮುಂದೆ ಹೋಗಲಿಲ್ಲ. ಕಳ್ಳನಾಗಿದ್ದರೆ ಪರ್ರೆಂದು ಹರಿದುಬಿಡುತ್ತಿದ್ದ. ಮಂಜಯ್ಯ ಅವನನ್ನು ಸ್ನೇಹಿತರ ಸಾಲಿಗೆ ಸೇರಿಸಿ ಹೋಗಿದ್ದ, ತೊಡಕಾದದ್ದು ಅದೇ. ಬೆಳಿಗ್ಗೆಯಿಂದ ಬಾರದಿದ್ದ ಅಳು ಆಗ ಬಂತು. ಗಾಡಿಯವನು ಗಾಬರಿಯಾಗಿ ನೋಡುತ್ತಿದ್ದಂತೆ ಅವನು ಬಾಗಿಲಿಗೆ ಹಣೆ ಹಚ್ಚಿ ಜೋರಾಗಿ ಅತ್ತ. ಆಮೇಲೆ ಮುಖ ಒರೆಸಿಕೊಂಡು, ಗಾಡಿಯವನಿಗೆ ಎರಡು ರೂಪಾಯಿ ಕೊಟ್ಟು ವಾಪಸು ಕಳಿಸಿದ.

*

ಮನೆಯ ಬಾಗಿಲಲ್ಲಿ ಮಾಶಿಮಾ ಹಣತೆ ಹಚ್ಚಿ, ತಟ್ಟೆಯಲ್ಲಿ ಬೇವಿನೆಲೆ, ಒಂದು ಹಳೆಯ ಮೊಳೆ ಇಟ್ಟಿದ್ದಳು. ಒಳಗೆ ನಿತ್ಯಾನಂದರು ಮತ್ತೆ ಬಂದು ಕೂತಿದ್ದರು. ರತ್ನಾಕರ ಮೊಳೆ ಮುಟ್ಟಲಿಲ್ಲ. ಸೊಂಟದಿಂದ ಬೀಗದಕೈ ತೆಗೆದು ಅದರ ಪಕ್ಕದಲ್ಲಿಟ್ಟ.

"ಅಕ್ಕ, ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಗೋಡೌನಿಗೆ ಹೋಗಿದ್ದೆ. ತೆಗೀಲಿಲ್ಲ."

ರಾಜೀವಿ ಬಾಗಿಲಿಗೆ ಬಂದಳು. "ಸುಳ್ಳು ಅಂತ ನಂಗೆ ಆಗಲೇ ಗೊತ್ತಾಗಿತ್ತು. ತರ್ತೀಯೋ ಇಲ್ವೋ, ಅದೊಂದೇ ಗೊತ್ತಿರಲಿಲ್ಲ."

"ಎಂತ ಕೆಲಸ ಮಾಡಿದ್ರಿ ರತ್ನಾಕರ್ರೇ," ನಿತ್ಯಾನಂದರು ತಲೆ ಹಿಡಿದುಕೊಂಡರು. "ಸಾಲಗಾರನ ಕೈಯಲ್ಲಿ ದಿನಪೂರ್ತಿ ಬೀಗದಕೈ! ಇದನ್ನು ನಾನು ಬರೆಯಲಾ? ಅಥವಾ ಕೇಳಲೇ ಇಲ್ಲ ಅಂತ ಇರಲಾ?"

"ಬರೀರಿ," ಅಂದಳು ರಾಜೀವಿ. "ಅವರು ಇದ್ದಿದ್ರೆ ಬರೆಯುತ್ತಿದ್ರು. ಚೀಟಿ ಹರಿದಿಲ್ಲ ಅಂತಲೂ ನೋಡಿ ಬರೀರಿ. ಹದಿನೆಂಟು ವರ್ಷ ಆ ಬೀಗಕ್ಕೋಸ್ಕರ ಬೆಳ್ತಿಗೆ ಅನ್ನ ಮಾಡಿದವಳು ನಾನು."

ಕತ್ತಲಾಗುವ ಮೊದಲು ನಿತ್ಯಾನಂದರೂ ಕಿಟ್ಟನೂ ರತ್ನಾಕರನೂ ಗೋದಾಮಿಗೆ ಹೋದರು. ದಾರಿಯಲ್ಲಿ ರತ್ನಾಕರ ಶನಿವಾರದ ಮಾತೆತ್ತಿದ. ಅದು ಮೇಲಿನ ಆಫೀಸಿನ ಆರ್ಡರು, ತಾನು ಬದಲಿಸುವಂತಿಲ್ಲ ಎಂದರು ಏಜೆಂಟರು. ಅವನು ಮತ್ತೆ ಕೇಳಲಿಲ್ಲ.

"ಈ ಮೂಲೆ ಯಾಕೆ ಎದ್ದಿದೆ?" ಬೀಗ ನೋಡುತ್ತ ನಿತ್ಯಾನಂದರು ಕೇಳಿದರು.

"ನನ್ನ ಉಗುರು. ಅದನ್ನೂ ಬರೀರಿ."

ಏಜೆಂಟರು ಬರೆದುಕೊಂಡು, ಚೀಟಿಯನ್ನು ಹರಿಯಲು ಬೆರಳು ಚಾಚಿದರು.

"ಒಂದು ನಿಮಿಷ ನಿಲ್ಲಿ," ಅಂದ ರತ್ನಾಕರ.

ಹೆಗಲ ಮೇಲಿನ ಬೈರಾಸು ಇನ್ನೂ ಪೂರ್ತಿ ಆರಿರಲಿಲ್ಲ. ಅದರ ಒದ್ದೆಯ ತುದಿಯನ್ನು ಮಡಚಿ ಚೀಟಿಯ ಮೇಲೆ ಒತ್ತಿ ಹಿಡಿದ. ಗಂಜಿ ನಿಧಾನಕ್ಕೆ ಸಡಿಲವಾಯಿತು. ಚೀಟಿ ಎಲ್ಲೂ ಹರಿಯದೆ ಅವನ ಅಂಗೈಗೆ ಬಂತು.

ನಿತ್ಯಾನಂದರು ಬೀಗ ತೆರೆದರು. ಉದ್ದಿನ ವಾಸನೆ ಹೊರಗೆ ಬಂತು. ಒಳಗೆ ಅವರೂ ಕಿಟ್ಟನೂ ಮೂಟೆ ಎಣಿಸತೊಡಗಿದರು. ರತ್ನಾಕರ ಹೊಸ್ತಿಲ ಹೊರಗೇ ನಿಂತ. ಶಾಯಿ ಸ್ವಲ್ಪ ಕದಡಿದ್ದ ಚೀಟಿ ಅಂಗೈಗೆ ಅಂಟಿ ಕೂತಿತ್ತು, ಬೀದಿಯ ಗಾಳಿಗೂ ಏಳದೆ.