ಗಾಣದ ಎಣ್ಣೆ

"ಬನ್ನಿ ಯಜಮಾನ್ರೇ, ಈ ಚೆಂದ ನೋಡ್ಬನ್ನಿ," ಎಂದು ಮೆಕ್ಯಾನಿಕ್ ಇಂದುಧರ ಬಾನೆಟ್ಟಿನೊಳಗೆ ತೂರಿಸಿದ ತಲೆಯನ್ನು ಎತ್ತದೆಯೇ ಕೂಗಿದ.

ಲಕ್ಕಪ್ಪ ಟೀ ಲೋಟವನ್ನು ಹಳೇ ಟೈರಿನ ಮೇಲಿಟ್ಟು ಎದ್ದ. ಬಾಣಾವರದಲ್ಲಿ ಬೆಳಗಿನ ರೈಲು ಹಿಡಿದು ಅರಸೀಕೆರೆಗೆ ಬಂದವನು ಕಿವಿಗೆ ಸುತ್ತಿದ ಟವಲನ್ನು ಇನ್ನೂ ಬಿಚ್ಚಿರಲಿಲ್ಲ. ಧನುರ್ಮಾಸದ ಚಳಿ. ಗ್ಯಾರೇಜಿನ ಶೀಟಿನಿಂದ ಮಂಜು ತೊಟ್ಟಿಕ್ಕುತ್ತಿತ್ತು. ಅವನ ಹಳೇ ಫೋರ್‌ವೀಲ್ ಜೀಪು ರಾತ್ರಿಯೆಲ್ಲ ಅಲ್ಲೇ ತಣ್ಣಗೆ ನಿಂತಿತ್ತು. ಹಾಗೆ ಬಿಟ್ಟುಹೋಗಿ ಎಂದು ಹೇಳಿದವನು ಇಂದುಧರನೇ, ಅವನಿಗೂ ಸಾಕಾಗಿಹೋಗಿತ್ತು. ಬೆಳಗಿನ ಹೊತ್ತು ಸ್ಟೀರಿಂಗ್ ಕಲ್ಲಾಗಿ ಕೂರುತ್ತದೆ, ಎರಡು ಕೈಯಲ್ಲಿ ಜಗ್ಗಿದರೂ ಜಪ್ಪಯ್ಯ ಅನ್ನುವುದಿಲ್ಲ ಎಂದು ಲಕ್ಕಪ್ಪ ದೂರು ಹೊತ್ತು ಬರುವುದು. ಊರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಬಿಸಿಲೇರಿ, ಎಂಜಿನ್ ಕಾದು, ಅದೇ ಸ್ಟೀರಿಂಗ್ ಒಂದು ಬೆರಳಿಗೆ ತಿರುಗುವುದು. ಬೆಲ್ಟು ಬದಲಾಯಿಸಿದ್ದಾಯಿತು, ಚಕ್ರದ ಗಾಳಿ ನೋಡಿದ್ದಾಯಿತು, ಎಣ್ಣೆ ತುಂಬಿದೆ ಎಂದು ಮುಚ್ಚಳ ಮುಚ್ಚಿದ್ದೂ ಆಯಿತು. "ಡಾಕ್ಟ್ರ ಮುಖ ನೋಡ್ತಿದ್ದಂಗೇ ಜ್ವರ ಬಿಡ್ತದಲ್ರೀ ನಿಮ್ ಗಾಡಿಗೆ," ಎಂದು ಇಂದುಧರ ರೇಗಿಸಿದ್ದ.

ಈಗ ಅವನು ಪವರ್ ಸ್ಟೀರಿಂಗಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಸ್ಕ್ರೂಡ್ರೈವರ್ ಇಳಿಬಿಟ್ಟ. ಅದು ಮುಳುಗಲಿಲ್ಲ. ನೆಟ್ಟಗೆ ನಿಂತುಕೊಂಡಿತು. ಡಬ್ಬಿಯ ತುಂಬ ಹೆರೆತ ತುಪ್ಪದಂಥ ಗಟ್ಟಿ, ಬಿಳುಪಿನಲ್ಲಿ ಎಲ್ಲೋ ಒಂದಿಷ್ಟು ಕೆಂಪು.

"ಮೂಸಿ ನೋಡಿ."

ಲಕ್ಕಪ್ಪ ಬಗ್ಗಿ ಮೂಸಿದ. ಕಮಟು ಹತ್ತಿತ್ತು, ಆದರೂ ಗುರುತು ಸಿಗದ ವಾಸನೆಯೇನಲ್ಲ. ಹೆಂಡತಿಯ ತುರುಬಿನ ವಾಸನೆ ಅದು.

"ಕೊಬ್ರಿ ಎಣ್ಣೆ ಕಣ್ರೀ!" ಇಂದುಧರ ತೊಡೆ ತಟ್ಟಿಕೊಂಡು ನಕ್ಕ. "ಎಂತೆಂಥಾ ಗಾಡಿ ಬಿಚ್ಚಿದೀನಿ, ಇದೊಂದು ಕಂಡಿರ್ಲಿಲ್ಲ. ಚಳಿಗೆ ಹೆಪ್ಪುಗಟ್ಟೈತೆ, ಪಂಪಿಗೆ ಎಣ್ಣೇನೇ ಹೋಗ್ತಿಲ್ಲ, ಇನ್ನೆಲ್ಲಿ ತಿರುಗ್ತದೆ? ಬಿಸಿ ತಾಗಿದ್ರೆ ಕರಗ್ತದೆ, ಸರಿಹೋಗ್ತದೆ. ಯಾವ ಪುಣ್ಯಾತ್ಮನ್ರೀ ತಲೆಗೆ ಹಾಕೋದನ್ನ ಗಾಡಿಗೆ ಹಾಕಿದ್ದು?"

ಲಕ್ಕಪ್ಪನಿಗೆ ನಗು ಬರಲಿಲ್ಲ. ಪಕ್ಕದಲ್ಲಿದ್ದ ಸ್ಟೂಲು ಎಳೆದು ಕುಳಿತ.

ಹಾಕಿದವನು ಅವನೇ. ಅವರ ಮನೆಯಲ್ಲಿ ಅದೊಂದು ಪದ್ಧತಿ, ಅವರಪ್ಪನ ಕಾಲದಿಂದ ಬಂದದ್ದು. ದೀಪಾವಳಿ ಕಳೆದ ಮೇಲೆ ಅಟ್ಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸುತ್ತಾರೆ. ಹೊಸ ಎಣ್ಣೆ ಮನೆಗೆ ಬಂದ ದಿನ ಮೊದಲು ದೇವರ ದೀಪಕ್ಕೆ, ಆಮೇಲೆ ಮನೆಮಂದಿಯ ನೆತ್ತಿಗೆ, ಕೊನೆಗೆ ದುಡಿಯುವ ಕಬ್ಬಿಣಕ್ಕೆ: ಬಾಗಿಲ ತಿರುಗಣಿಗೆ, ಬಾವಿಯ ರಾಟೆಗೆ, ಗಾಡಿಯ ಅಚ್ಚಿಗೆ. ನೆತ್ತಿಗೆ ಹಾಕುವವಳು ಹೆಂಡತಿ ಅನುಸೂಯಮ್ಮ, ಕಬ್ಬಿಣಕ್ಕೆ ಹಾಕುವವನು ಲಕ್ಕಪ್ಪ. ಎತ್ತಿನ ಗಾಡಿ ಹೋಗಿ ಜೀಪು ಬಂದರೂ ಅವನು ಪದ್ಧತಿ ಬಿಟ್ಟಿರಲಿಲ್ಲ, ಬಾಗಿಲಿನ ಕೀಲಿಗೆ ನಾಲ್ಕು ಹನಿ ಬಿಡುತ್ತಿದ್ದ. ಹೋದ ವರ್ಷ ಮಗ ಹೇಮಂತ, "ಸ್ಟೀರಿಂಗ್ ಎಣ್ಣೆ ತಳ ಸೇರೈತೆ ಕಣಪ್ಪ, ಅರಸೀಕೆರೆಗೆ ಹೋದಾಗ ತತ್ತೀನಿ," ಅಂದಿದ್ದ. ಆವತ್ತೇ ಗಾಣದ ಎಣ್ಣೆ ಬಂದಿತ್ತು. ಇಷ್ಟು ಒಳ್ಳೇ ಎಣ್ಣೆ ಮನೆಯಲ್ಲಿರುವಾಗ ಪೇಟೆಯದೇಕೆ ಎಂದುಕೊಂಡು ಲಕ್ಕಪ್ಪ ಡಬ್ಬಿಯ ಕತ್ತಿನವರೆಗೂ ಸುರಿದ. ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ; ರಾಟೆಗೆ ಎಣ್ಣೆ ಹಾಕಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಸಂಜೆಗೆ ಮರೆತೂ ಬಿಟ್ಟ.

ಧನುರ್ಮಾಸ ಬಂತು. ಬೇಲೂರಿನ ದೇವಸ್ಥಾನದಲ್ಲಿ ಬೆಳಗಿನ ಪೂಜೆ ನೋಡಬೇಕೆಂದು ಅನುಸೂಯಮ್ಮ ಆಸೆಪಟ್ಟಳು. ಬಿಸಿಲಲ್ಲಿ ಮಾತ್ರ ಓಡಾಡುತ್ತಿದ್ದ ಜೀಪು ಅಷ್ಟು ನಸುಕಿನಲ್ಲಿ ಹೊರಟದ್ದು ಅದೇ ಮೊದಲು, ಓಡಿಸಿದವನು ಹೇಮಂತ. ಮನೆಯಿಂದ ನೆಟ್ಟಗೆ ಹೋಗುವ ದಾರಿ ಹೊಂಗೆಮರದ ಬಳಿ ತಿರುಗುತ್ತದೆ. ಜೀಪು ತಿರುಗಲಿಲ್ಲ. ಅನುಸೂಯಮ್ಮ ಕೂತಿದ್ದ ಕಡೆಯೇ ಮರಕ್ಕೆ ಹೋಗಿ ಬಡಿಯಿತು. ಆಸ್ಪತ್ರೆ ಸೇರುವ ತನಕವೂ ಅವಳು ಉಳಿಯಲಿಲ್ಲ. ಸೊಂಟ ಮುರಿದುಕೊಂಡು ಮಲಗಿದ್ದ ಹೇಮಂತ, "ತಿರುಗ್ಲಿಲ್ಲ ಕಣಪ್ಪ, ಎಷ್ಟು ಎಳೆದ್ರೂ ತಿರುಗ್ಲಿಲ್ಲ," ಎಂದು ಅತ್ತ. "ನಿದ್ದೆಗಣ್ಣಲ್ಲಿ ಓಡ್ಸಿ ನಿಮ್ಮವ್ವನ್ನ ತಿಂದ್ಕಂಡಲ್ಲೋ," ಎಂದ ಲಕ್ಕಪ್ಪ. ನೆಂಟರೆಲ್ಲ ಸುತ್ತ ನಿಂತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬೇಸಿಗೆಯಲ್ಲಿ ಜೀಪಿನ ಮೈ ನೆಟ್ಟಗೆ ಮಾಡಿಸಿ ತಂದು, ಅಂಗಳದಲ್ಲಿ ಸುತ್ತು ಹೊಡೆದು, ಕಿರುಬೆರಳಲ್ಲಿ ಸ್ಟೀರಿಂಗ್ ತಿರುಗಿಸಿ ತೋರಿಸಿದ್ದ. "ನೋಡ್ರಪ್ಪ, ಇದು ತಿರುಗ್ಲಿಲ್ವಂತೆ!" ಹೇಮಂತ ಊರುಗೋಲು ಹಿಡಿದು ಜಗಲಿಯ ಮೇಲೆ ಕುಳಿತೇ ನೋಡಿದ್ದ. ಆಮೇಲೆ ಅವನು ತಿರುಗಲಿಲ್ಲ ಎಂಬ ಮಾತನ್ನು ಎತ್ತಲೇ ಇಲ್ಲ. ಈ ಚಳಿಗಾಲ ಕಾಯಿ ತುಂಬಿಕೊಂಡು ಬೆಳಿಗ್ಗೆ ಸಂತೆಗೆ ಹೊರಟಾಗಲೇ ಲಕ್ಕಪ್ಪನ ಕೈಗೆ ಸ್ಟೀರಿಂಗ್ ಗಟ್ಟಿ ಎನ್ನಿಸತೊಡಗಿದ್ದು. ಎಲ್ಲೋ ಮೂಲೆಯಲ್ಲಿ ಅನುಮಾನ ಮುಳ್ಳಾಡಿಸಿತ್ತು. ಬೆಲ್ಟಿರಬೇಕು, ವಯಸ್ಸಾದ ಗಾಡಿ ಎಂದು ಅದರ ಬಾಯಿ ಮುಚ್ಚಿಸಿದ್ದ.

"ನಿಮ್ ಮಗನೇ ಹಾಕಿರ್ಬೇಕು," ಎಂದ ಇಂದುಧರ, ಪೈಪು ಬಿಚ್ಚುತ್ತ. "ಈಗಿನ ಹುಡುಗ್ರಿಗೆ ಓಡ್ಸೋದೊಂದು ಗೊತ್ತು."

"ಹೂಂ," ಎಂದ ಲಕ್ಕಪ್ಪ.

ಆ ಹೂಂ ಬಾಯಿಂದ ಬಿದ್ದ ಮೇಲೆ ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಆದರೂ ಅದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಇಂದುಧರ ಎಂಜಿನ್ ಬಿಸಿ ಮಾಡಿ ಹಳೇ ಎಣ್ಣೆಯನ್ನೆಲ್ಲ ಇಳಿಸಿದ, ಪೈಪು ತೊಳೆದ, ಸರಿಯಾದ ಎಣ್ಣೆ ತುಂಬಿದ. ಇಳಿಸಿದ್ದರಲ್ಲಿ ಒಂದಿಷ್ಟನ್ನು ನೀರಿನ ಬಾಟಲಿಗೆ ಹಾಕಿಕೊಡು ಎಂದು ಲಕ್ಕಪ್ಪ ಕೇಳಿದಾಗ, "ತಲೆಗೆ ಹಚ್ಕಂತೀರೇನ್ರೀ?" ಎಂದು ಮತ್ತೆ ನಕ್ಕ.

ಊರು ಮುಟ್ಟುವಾಗ ಇಳಿಬಿಸಿಲು. ಹೊಂಗೆಮರದ ತಿರುವಿನಲ್ಲಿ ಸ್ಟೀರಿಂಗ್ ಹೂವಿನ ಹಾಗೆ ತಿರುಗಿತು. ಅವನಿಗೆ ಅಲ್ಲೇ ನಿಲ್ಲಿಸಿ ಗಟ್ಟಿಯಾಗಿ ಅಳಬೇಕೆನ್ನಿಸಿತು. ಹಿಂದೆ ಬಸ್ಸು ಬರುತ್ತಿತ್ತು, ನಿಲ್ಲಿಸಲಿಲ್ಲ.

ಹೇಮಂತ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ. ಅಪ್ಪ ಮಗ ಮಾತಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಮನೆಗೆ ರೂಢಿಯಾಗಿಹೋಗಿತ್ತು. ಏನಾದರೂ ಹೇಳುವುದಿದ್ದರೆ ಸೊಸೆ ಬಿಂದುಶ್ರೀಯ ಮೂಲಕವೇ. ಹಾಗಾಗಿ ಲಕ್ಕಪ್ಪ ಬಾಟಲಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತದ್ದು ಕಂಡು ಹೇಮಂತನ ಕೈ ಹುಲ್ಲಿನಲ್ಲೇ ನಿಂತಿತು.

"ಲೋ ಹೇಮಂತ. ನಾನು ಕಣ್ಲಾ, ನಾನು. ಸ್ಟೀರಿಂಗ್ ಡಬ್ಬಿಗೆ ಗಾಣದೆಣ್ಣೆ ಹುಯ್ದಿದ್ದೆ. ಚಳಿಗೆ ಹೆಪ್ಪುಗಟ್ಟಿ... ಅದುಕ್ಕೇ ತಿರುಗ್ಲಿಲ್ಲ. ನಿಂದೇನೂ ತಪ್ಪಿಲ್ಲ."

ಹೇಮಂತ ಬಾಟಲಿ ತೆಗೆದುಕೊಂಡು ಅಲುಗಿಸಿದ. ಬಿಸಿಲಲ್ಲಿ ಬಂದ ಎಣ್ಣೆ ನೀರಾಗಿ ತುಳುಕಿತು. ವಾಪಸು ಕೊಟ್ಟ.

"ಇಲ್ಲ ಕಣಪ್ಪ. ನಂಗೆ ಕಣ್ಣು ಮುಚ್ಚಿತ್ತು."

"ಮುಚ್ಚಿರ್ಲಿಲ್ಲ ಕಣೋ! ಆಸ್ಪತ್ರೇಲಿ ನೀನೇ ಹೇಳ್ದಲ್ಲ!"

"ಆವಾಗ ಏನೋ ಅಂದೆ. ಆಮೇಲೆ ಯೋಚ್ನೆ ಮಾಡ್ದೆ. ದಿನಾ ಮಾಡ್ದೆ. ಕಣ್ಣು ಮುಚ್ಚಿತ್ತು, ನಂಗೀಗ ಚೆನ್ನಾಗಿ ನೆಪ್ಪೈತೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಪರಿಚಿತರಿಗೆ ದಾರಿ ಹೇಳುವಷ್ಟು ಸಮಾಧಾನವಿತ್ತು. "ನೀನೇ ಹೇಳಿದ್ಯಲ್ಲಪ್ಪ. ಬುಡು ಈಗ. ಹಸ ಬೆದರ್ತದೆ."

"ಬೆಳಿಗ್ಗೆ ನೋಡ್ಲಾ ಇದನ್ನ! ಬೆಳಿಗ್ಗೆ ನೋಡಿದ್ರೆ ಗೊತ್ತಾಯ್ತದೆ!"

ಹೇಮಂತ ಹುಲ್ಲಿನ ಕಡೆ ತಿರುಗಿದ. ಮಗನನ್ನು ನಂಬಿಸುವ ಕೆಲಸವನ್ನು ತಾನು ಎಷ್ಟು ಚೆನ್ನಾಗಿ ಮಾಡಿ ಮುಗಿಸಿದ್ದೇನೆ ಎಂಬುದು ಲಕ್ಕಪ್ಪನಿಗೆ ಆಗ ತಿಳಿಯಿತು.

ಬಾಟಲಿಯನ್ನು ಜಗಲಿಯ ಮೂಲೆಯಲ್ಲಿಟ್ಟು ಮಲಗಿದವನು ಬೆಳಕು ಹರಿಯುವ ಮುಂಚೆ ಎದ್ದು ನೋಡಿದ. ಗಟ್ಟಿಯಾಗಿತ್ತು. ತಲೆಕೆಳಗು ಮಾಡಿದ, ಅಲುಗಲಿಲ್ಲ. ಒಳಗೆ ಓಡಿದ.

"ಅವರು ಡೈರಿಗೆ ಹೋದ್ರು ಮಾವ," ಎಂದಳು ಒಲೆಯ ಮುಂದಿದ್ದ ಬಿಂದುಶ್ರೀ. ಹೇಮಂತ ಈಗ ಯಾವ ಗಾಡಿಯನ್ನೂ ಮುಟ್ಟುವುದಿಲ್ಲ. ಹಾಲಿನ ಕ್ಯಾನು ಹಿಡಿದು ಕುಂಟುತ್ತ ನಡೆದೇ ಹೋಗಿ ಬರುತ್ತಾನೆ. "ಬರೋದು ಹೊತ್ತಾಯ್ತದೆ. ಬರ್ತಾ ಆ ಮರದ ತಾವ ನಿಂತ್ಕಂತಾರೆ, ದಿನಾನೂವೆ. ನಿಮಗೆ ಗೊತ್ತಿಲ್ವಾ?"

ಲಕ್ಕಪ್ಪನಿಗೆ ಗೊತ್ತಿರಲಿಲ್ಲ. ಜಗಲಿಗೆ ಬಂದು ಕುಳಿತ. ಮೂಡಲ ಮುಖದ ಜಗಲಿ ಅದು. ಮಂಜು ತೆಳುವಾದಾಗ ಹೊಂಗೆಮರ ಕಂಡಿತು, ಅದರ ಬುಡದಲ್ಲಿ ಕ್ಯಾನು ಕೆಳಗಿಟ್ಟು ನಿಂತ ಮಗನೂ ಕಂಡ. ಹೋಗಿ ಅಲ್ಲೇ ತೋರಿಸಿಬಿಡಬೇಕೆಂದು ಎದ್ದವನು ಮೆಟ್ಟಿಲಿನವರೆಗೆ ಹೋದ. ಆ ಮರದ ಕೆಳಗೆ ಮಗನೆದುರು ಈ ಬಾಟಲಿ ಹಿಡಿದು ನಿಲ್ಲುವ ಧೈರ್ಯ ಬರಲಿಲ್ಲ. ಮತ್ತೆ ಬಂದು ಕುಳಿತ.

ಬಿಸಿಲು ಅಂಗಳ ದಾಟಿ ಮೆಟ್ಟಿಲು ಹತ್ತಿತು. ಅವನು ಬಾಟಲಿಯನ್ನು ಕಂಬದ ನೆರಳಿಗೆ ಸರಿಸಿದ. ನೆರಳು ಕಿರಿದಾದಾಗ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಮುಚ್ಚಿಕೊಂಡ ಅಂಗೈಯೇ ಬೆಚ್ಚಗಿತ್ತು. ಅಂಚಿನಲ್ಲಿ ಎಣ್ಣೆ ಸಡಿಲವಾಯಿತು, ನಡುವಿನ ಬಿಳಿ ಗಡ್ಡೆ ಒಂದು ಪಕ್ಕಕ್ಕೆ ಜಾರಿತು. ಹೇಮಂತ ಬಗ್ಗಿ ಕ್ಯಾನು ಎತ್ತಿಕೊಂಡು ಮನೆಯ ಕಡೆ ನಿಧಾನ ಕಾಲು ಹಾಕತೊಡಗಿದ. ಲಕ್ಕಪ್ಪ ಟವಲು ಬಿಚ್ಚಿ ಬಾಟಲಿಗೆ ಸುತ್ತಿದ, ಊದಿದ.

ಕ್ಯಾನಿನ ಮುಚ್ಚಳದ ಸದ್ದು ಅಂಗಳಕ್ಕೆ ಬರುವ ಹೊತ್ತಿಗೆ ಟವಲಿನೊಳಗೆ ಎಣ್ಣೆ ತುಳುಕುತ್ತಿತ್ತು.