ಖಂಡೆ ಪೂಜೆಗೆ ಕೂತ ಟಿವಿ

ಟಿವಿ ಕೊಳ್ಳಲು ವರ್ಷದ ಯಾವ ಕಾಲ ಒಳ್ಳೆಯದು ಎಂಬ ಬಗ್ಗೆ ದಾಂಡೇಲಿಯ ಲಗಮಪ್ಪನ ಮನೆಯಲ್ಲಿ ಎರಡು ಸಿದ್ಧಾಂತಗಳಿದ್ದವು. ಹೆಂಡತಿ ಮಧುಮತಿಯ ಪ್ರಕಾರ ಆಷಾಢ. ಜನ ಕೊಳ್ಳಲು ಅಂಜುವ ತಿಂಗಳಲ್ಲೇ ಅಂಗಡಿಯವನು ಕರೆದು ಕೂರಿಸಿ ಬೆಲೆ ಇಳಿಸುತ್ತಾನೆ. ಅವಳ ಅತ್ತೆ ಮಾಲವ್ವ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಳು.

"ಆಷಾಢದಾಗ ಸೊಸೀನ್ನ ಮನ್ಯಾಗ ಇಟ್ಕೊಳ್ಳೂದಿಲ್ಲ, ಟಿವಿ ತರ್ತೀಯೇನ?"

ಲಗಮಪ್ಪನಿಗೆ ಸ್ವಂತ ಸಿದ್ಧಾಂತವಿರಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಬದಲಾದಂತೆ ಮನೆಯಲ್ಲಿ ಅವನ ಅಭಿಪ್ರಾಯವೂ ಬದಲಾಗುತ್ತಿತ್ತು. ಕೊನೆಗೆ ತೀರ್ಮಾನಿಸಿದ್ದು ಮಗಳು ಸಹನಾ. ಹಳಿಯಾಳದ ಹಾಸ್ಟೆಲಿನಲ್ಲಿದ್ದು ಕುಸ್ತಿ ಕಲಿಯುತ್ತಿದ್ದ ಅವಳು ಫೋನಿನಲ್ಲಿ, ದೆಹಲಿಯ ಪಂದ್ಯಕ್ಕೆ ತಾನು ಆಯ್ಕೆಯಾಗಿರುವುದಾಗಿಯೂ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಸಂಜೆ ನಾಲ್ಕಕ್ಕೆ ಅದು ನೇರವಾಗಿ ಟಿವಿಯಲ್ಲಿ ಬರುವುದಾಗಿಯೂ ಹೇಳಿದಳು. ದಸರೆಗೆ ಅಂಗಡಿಯಲ್ಲಿ ರಿಯಾಯಿತಿಯೂ ಇತ್ತು, ಪಂಚಾಂಗದಲ್ಲಿ ಮುಹೂರ್ತವೂ ಇತ್ತು. ಇಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ ಎಂದು ಮೂವರೂ ಒಪ್ಪಿದರು. ಆ ಮನೆಯಲ್ಲಿ ಮೂವರೂ ಒಪ್ಪಿದಾಗ ಸ್ವಲ್ಪ ಅನುಮಾನ ಪಡಬೇಕಿತ್ತು.

ಟಿವಿ ಬೇಕಾಗಿದ್ದುದು ಮುಖ್ಯವಾಗಿ ಮಾಲವ್ವನಿಗೆ. ಮೊಮ್ಮಗಳನ್ನು ಹಟ ಹಿಡಿದು ಕುಸ್ತಿಗೆ ಕಳಿಸಿದವಳೇ ಅವಳು. ಹುಡುಗಿ ಆಡಿದ್ದನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಕಣ್ಣಿಗೆ ಪೊರೆ ಬಂದು ಬಣ್ಣ, ದೊಡ್ಡ ಆಕಾರಗಳಷ್ಟೇ ಉಳಿದಿದ್ದವು. "ಮೊಬೈಲ್‌ದಾಗ ಎರಡ ಇರುವಿ ಜಗಳಾಡಿದಂಗ ಕಾಣತೈತಿ," ಎನ್ನುತ್ತಿದ್ದಳು. ಆಮೇಲೆ ರೆಕಾರ್ಡಿಂಗ್ ನೋಡಬಹುದು ಎಂದರೆ, "ಮುಗಿದ ಕುಸ್ತಿ ನೋಡೂದಂದ್ರ ಉಂಡ ಎಲಿ ನೋಡಿದಂಗ."

ಖಂಡೆ ಪೂಜೆಯ ಬೆಳಿಗ್ಗೆ ಟಿವಿ ಬಂತು. ಅಂಗಡಿಯವರು ಕೇಬಲ್ ಜೋಡಿಸಿ, ಚಿತ್ರ ತೋರಿಸಿ ಹೋದರು. ಮಾಲವ್ವ ಮಿಂದು ಮಡಿಯುಟ್ಟು ಪೂಜೆಗೆ ಕೂತಳು. ಲಗಮಪ್ಪ ನಟ್ಟು ತಿರುಗಿಸುವ ಪಾನಾ, ಮಧುಮತಿಯ ಹೊಲಿಗೆ ಯಂತ್ರ, ಕುಡುಗೋಲು, ಈಳಿಗೆ ಸಾಲಾಗಿ ಕೂತವು. ಹೊಸದು ಬಂದಿದೆಯೆಂದು ಟಿವಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಕಾಯಿ ಒಡೆಯಿತು. ಎಲ್ಲರೂ ಹೋಳಿಗೆ ಉಂಡರು.

ನಾಲ್ಕಕ್ಕೆ ಸ್ವಲ್ಪ ಮೊದಲು ಲಗಮಪ್ಪ ರಿಮೋಟಿಗೆ ಕೈ ಹಾಕಿದ. ರಿಮೋಟಿನ ಮೇಲೂ ಕುಂಕುಮವಿತ್ತು.

"ಮುಟ್ಟಬ್ಯಾಡ," ಎಂದಳು ಮಾಲವ್ವ. ಹೇಳಿದ ಮೇಲೆ ಅವಳಿಗೇ ತಾನು ಹೇಳಿದ್ದು ಅರ್ಥವಾಯಿತು. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ, ಬಳಸುವಂತಿಲ್ಲ.

"ಯವ್ವಾ, ಇದೇನ ಕೊಡ್ಲಿ ಅಲ್ಲ, ಕುಡುಗೋಲ ಅಲ್ಲ."

"ಕುಂಕುಮ ಹಚ್ಚೇತಿಲ್ಲೊ?"

"ಒರಸಿದ್ರ ಹೋಗ್ತೈತಿ ಅತ್ಯಾರ," ಎಂದಳು ಮಧುಮತಿ. "ಹುಡುಗಿ ಬರೂ ಹೊತ್ತಾತು."

"ತೇರಗಾಂವದಾಗ ನಿಮ್ಮ ಮಾವ ಹಿಂಗ ಅಂದಿದ್ರು. ಒಂದ ಬೊಡ್ಡಿ ಕಡಿಯೂದೈತಿ ಅಂತ ಪೂಜಿಯಾಗಿನ ಕೊಡ್ಲಿ ಎತ್ತಿದ್ರು. ಕಾಲಬೆರಳ ಎರಡ ಹೋದ್ವು." ಮಾಲವ್ವನ ದನಿ ಸಣ್ಣದಾಯಿತು. "ನನಗ ಏನರ ಆಗ್ಲಿ, ನಾ ಅಂಜೂದಿಲ್ಲ. ಅಕೀ ಈಗ ಆಡಾಕ ಇಳ್ಯಾಕಿ. ಅಕೀ ಕೈಕಾಲ ಮುರದ್ರ ಯಾರ ಹೊಣಿ? ನೀ ಹೊಣಿ ಅಂತ ಹೇಳ, ಒರಸ್ತೇನಿ."

ಬಟ್ಟೆ ಮಧುಮತಿಯ ಕೈಯಲ್ಲೇ ಇತ್ತು. ಬಿ.ಎ. ಪಾಸಾದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಬಟ್ಟೆ ಮುಂದೆ ಹೋಗಲಿಲ್ಲ. ಲಗಮಪ್ಪ ಪ್ಲಗ್ಗನ್ನು, ಹೆಂಡತಿಯನ್ನು, ತಾಯಿಯನ್ನು ನೋಡಿ ಕಡೆಗೆ ತನ್ನ ಪಾದಗಳನ್ನು ನೋಡಿದ. ಬೆರಳು ಹತ್ತೂ ಇದ್ದವು. ಟಿವಿ ಹೂವು ಮುಡಿದುಕೊಂಡು ಕರಿ ಮುಖದಲ್ಲಿ ಮೂವರನ್ನೂ ತೋರಿಸುತ್ತಿತ್ತು.

ಗೋಡೆಯಾಚೆ ಇನ್ನೊಂದು ಟಿವಿ ಗದ್ದಲ ಮಾಡುತ್ತಿತ್ತು. ಅದು ಪಕ್ಕದ ಮನೆಯ ಮಹಾದೇವಕ್ಕನದು, ಹಳೆಯದು, ಯಾವ ಪೂಜೆಗೂ ಕೂರದ್ದು. ಸಹನಾ ಹಾಸ್ಟೆಲಿಗೆ ಹೋದ ವರ್ಷ ಮಹಾದೇವಕ್ಕ ನಳದ ಹತ್ತಿರ ಅಂದಿದ್ದಳು: "ಹೆಣ್ಣ ಹುಡುಗೀನ ಮಣ್ಣಾಗ ಹೊರಳಾಕ ಕಳಿಸ್ಯಾರ. ನಾಳೆ ಯಾರ ಮಾಡ್ಕೋತಾರ?" ಅಂದಿನಿಂದ ಮಾಲವ್ವ ಅವಳೊಂದಿಗೆ ಮಾತು ಬಿಟ್ಟಿದ್ದಳು. ದಸರೆಯ ದಿನ ಬನ್ನಿಯೆಲೆಯನ್ನು ಬಂಗಾರವೆಂದು ಕೈಗೆ ಕೊಟ್ಟರೆ ಎಂಥ ಜಗಳವೂ ಮುಗಿಯಬೇಕೆಂಬ ನಿಯಮವಿದೆ. ಆ ದಿನ ಮಾಲವ್ವ ಇಡೀ ಓಣಿಗೆ ಬಂಗಾರ ಹಂಚಿ, ಪಕ್ಕದ ಬಾಗಿಲನ್ನು ಮಾತ್ರ ದಾಟಿ ಹೋಗುತ್ತಿದ್ದಳು.

"ಶುರು ಆತು," ಎಂದ ಲಗಮಪ್ಪ, ಮೊಬೈಲ್ ನೋಡುತ್ತ.

ಮಾಲವ್ವ ಎದ್ದಳು. ಗೋಡೆ ಹಿಡಿದುಕೊಂಡೇ ಹೊರಗೆ ನಡೆದು ಮಹಾದೇವಕ್ಕನ ಬಾಗಿಲಲ್ಲಿ ನಿಂತಳು. ಮಹಾದೇವಕ್ಕ ಕೂತಲ್ಲಿಂದ ಏಳಲಿಲ್ಲ.

"ಏನ್ ಬೇ, ಬನ್ನಿ ನಾಳೆ ಐತಿ."

"ಗೊತ್ತೈತಿ." ಮಾಲವ್ವ ಬರಿಗೈ ಚಾಚಿದಳು. "ಬಂಗಾರ ನಾಳೆ ಕೊಡ್ತೇನಿ. ಮಾತೂ ನಾಳೆ ಆಡೂಣು. ಇವತ್ತ ಬರೇ ಕುಸ್ತಿ ಹಚ್ಚು."

ಮಹಾದೇವಕ್ಕ ಆ ಕೈಯನ್ನು ನೋಡುತ್ತ ಕೂತಳು. ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು. ಆಮೇಲೆ ರಿಮೋಟ್ ಎತ್ತಿಕೊಂಡಳು.

ಮಾಲವ್ವನನ್ನು ಹಿಂಬಾಲಿಸಿ ಬಂದಿದ್ದ ಗಂಡ ಹೆಂಡತಿ ಬಾಗಿಲಲ್ಲೇ ನಿಂತರು. "ಕೆಂಪ ಬಟ್ಟಿಯಾಕಿ ನಮ್ಮ ಸಹನಾ," ಎಂದ ಲಗಮಪ್ಪ. ಮಾಲವ್ವ ಮೂಗು ತಾಗುವಷ್ಟು ಹತ್ತಿರ ಕೂತಳು. ಕೆಂಪು ನೀಲಿಯ ಸುತ್ತ ತಿರುಗಿತು, ಬಗ್ಗಿತು, ನುಗ್ಗಿತು. ನೀಲಿ ಅದರ ಕಾಲು ಹಿಡಿದು ಎಳೆಯಿತು. ಮಧುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಾಲ ಬಿಡಿಸ್ಕೊ, ಕಾಲ," ಎಂದಳು ಮಹಾದೇವಕ್ಕ, ತಡೆಯಲಾರದೆ. ಮಾತು ನಾಳೆಗೆ ಎಂಬ ಒಪ್ಪಂದವನ್ನು ಮೊದಲು ಮುರಿದವಳು ಅವಳೇ.

ಎರಡು ಬಣ್ಣವೂ ನೆಲಕ್ಕೆ ಬಿದ್ದು ಒಂದೇ ಗುಡ್ಡೆಯಾದವು. ಮಾಲವ್ವನಿಗೆ ಏನೂ ತಿಳಿಯದಾಯಿತು.

"ಮ್ಯಾಲ ಯಾರದಾರ? ಯಾರರ ಹೇಳ್ರಿ."

"ನಮ್ಮಾಕಿ," ಎಂದಳು ಮಹಾದೇವಕ್ಕ.

"ನಿಮ್ಮಾಕಿ ಯಾವಾಗ ಆದ್ಳು?"

"ಈಗ. ಸುಮ್ನ ನೋಡ್ ಬೇ, ಸೀಟಿ ಊದಿದ."

ಗುಡ್ಡೆ ಬಿಡಿಸಿಕೊಂಡಿತು. ರೆಫ್ರಿ ನಡುವೆ ನಿಂತು ಒಬ್ಬಳ ಕೈ ಹಿಡಿದು ಮೇಲೆತ್ತಿದ. ಆ ಕೈಯ ಕೆಳಗಿನ ಬಟ್ಟೆ ಕೆಂಪಗಿತ್ತು. ಅದನ್ನು ಮಾಲವ್ವ ಯಾರನ್ನೂ ಕೇಳದೆ ಕಂಡಳು.