ತುದಿ ಮಡಿಸಿದ ರೆಕ್ಕೆ

ಹನ್ನೊಂದು ವರ್ಷದ ಹಿಂದೆ, ಬಳ್ಳಾರಿ ಜೈಲಿನಿಂದ ತನ್ನೂರು ಮೆಟ್ರಿಗೆ ಬಂದ ದಿನ, ಪಾಲಪ್ಪ ತಾಯಿಗೆ ಮಾತು ಕೊಟ್ಟಿದ್ದ. ಕಾಲುವೆ ನೀರಿನ ಸರದಿಯ ಜಗಳದಲ್ಲಿ ಒಬ್ಬನ ದವಡೆ ಮುರಿದು ಎಂಟು ತಿಂಗಳು ಒಳಗಿದ್ದು ಬಂದವನು ಅವನು. ಉಚ್ಚೆಂಗಮ್ಮ ಮಗನನ್ನು ಹೊಸ್ತಿಲು ದಾಟಗೊಡಲಿಲ್ಲ. ಮೊರದ ತುಂಬ ಭತ್ತ ತಂದು ಅವನ ಎರಡೂ ಕೈ ಅದರಲ್ಲಿ ಊರಿಸಿದಳು.

"ಇನ್ನ ಯಾರ ಮ್ಯಾಲೂ ಕೈ ಎತ್ತಂಗಿಲ್ಲ ಅನ್ನು. ಎತ್ತಿದ ದಿನ ನನ್ನ ಮಣ್ಣಿಗೂ ಬರಬ್ಯಾಡ."

"ಎತ್ತಂಗಿಲ್ಲಬೇ," ಅಂದಿದ್ದ.

ಆ ಕೈಗಳಿಗೆ ಬೇರೆ ಕೆಲಸ ಬೇಕಿತ್ತು. ಹೊಸಪೇಟೆಯಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ಸೇರಿ ತಗಡು ಬಡಿಯುವುದನ್ನು ಕಲಿತ. ಎಂಬತ್ತಾರರಲ್ಲಿ ಕಂಪ್ಲಿ ಸುತ್ತಿನ ಭತ್ತಕ್ಕೆ ಜಿಗಿಹುಳು ಬಿದ್ದಾಗ, ಹಾಲಸ್ವಾಮಿ ಎಂಬ ಗುತ್ತಿಗೆದಾರ ಹಳೆಯದೊಂದು ಔಷಧ ಹೊಡೆಯುವ ವಿಮಾನ ತಂದು ಕಾಲುವೆ ಪಕ್ಕದ ಮಣ್ಣಿನ ಬಯಲಲ್ಲಿ ನಿಲ್ಲಿಸಿದ. ಅದರ ಮೈ ರಿಪೇರಿಗೆ ಪಾಲಪ್ಪನನ್ನು ಕರೆದುಕೊಂಡ. ಪಾಲಪ್ಪನ ತಮ್ಮ ತಾಯಪ್ಪನಿಗೆ ಬಾವುಟದ ಕೆಲಸ ಸಿಕ್ಕಿತು. ಗದ್ದೆಯ ಬದುವಿನ ಮೇಲೆ ಕೆಂಪು ಬಾವುಟ ಹಿಡಿದು ನಿಲ್ಲಬೇಕು, ವಿಮಾನ ಅವನ ತಲೆಯ ನೇರಕ್ಕೆ ಬಂದು ಔಷಧ ಸುರಿಸಿ ಹೋಗಬೇಕು, ಅವನು ಇಪ್ಪತ್ತು ಹೆಜ್ಜೆ ಆಚೆ ಸರಿದು ಮತ್ತೆ ನಿಲ್ಲಬೇಕು. ಸಂಜೆಗೆ ತಾಯಪ್ಪನ ಕಣ್ಣು ಕೆಂಡವಾಗಿರುತ್ತಿದ್ದವು. ತಿಂದ ರೊಟ್ಟಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಅವನು ಔಷಧಕ್ಕೆ ಹೆದರಿ ಬದುವಿನಿಂದ ದೂರ ನಿಂತದ್ದಕ್ಕೆ ಹಾಲಸ್ವಾಮಿ ಬಾರುಕೋಲಿನಿಂದ ಬೆನ್ನು ಸೀಳುವಂತೆ ಹೊಡೆದಿದ್ದ. ಪಾಲಪ್ಪ ಅದನ್ನು ನಿಂತು ನೋಡಿದ್ದ, ತನ್ನ ಒಂದು ಕೈಯನ್ನು ಇನ್ನೊಂದರಲ್ಲಿ ಅದುಮಿಕೊಂಡು.

ರೆಕ್ಕೆಯ ವಿಚಾರ ಹೇಳಿಕೊಟ್ಟವನು ಪೈಲಟ್. ಪರದೇಶದಲ್ಲಿ ಹೊಸದಾಗಿ ತಯಾರಾಗುತ್ತಿದ್ದ ದೊಡ್ಡ ಪ್ಯಾಸೆಂಜರ್ ವಿಮಾನದ ಚಿತ್ರ ಒಂದು ಅವನ ಹತ್ತಿರ ಇತ್ತು. ಅದರ ರೆಕ್ಕೆಯ ತುದಿಗಳು ಮೇಲಕ್ಕೆ ಮಡಚಿಕೊಂಡಿದ್ದವು. ರೆಕ್ಕೆಯ ಕೆಳಗೆ ಒತ್ತಿಕೊಂಡ ಗಾಳಿ ತುದಿಯಲ್ಲಿ ಮೇಲಕ್ಕೆ ನುಗ್ಗಿ ಸುಳಿಯಾಗುತ್ತದೆ, ಆ ಸುಳಿ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಎಂಜಿನ್ ಪೆಟ್ರೋಲು ಕುಡಿಯುತ್ತದೆ, ತುದಿ ಮಡಿಸಿದರೆ ಸುಳಿ ಸಣ್ಣದಾಗುತ್ತದೆ ಎಂದು ಪೈಲಟ್ ವಿವರಿಸಿದ. ನೂರು ಲೀಟರಿಗೆ ನಾಲ್ಕೈದು ಉಳಿದರೂ ವರ್ಷಕ್ಕೆ ಕಂಪನಿಗೆ ಲಕ್ಷಗಟ್ಟಲೆ ಲಾಭವಂತೆ. ತೂಬಿನ ಬಾಯಲ್ಲಿ ಸುಳಿ ಎದ್ದರೆ ಪಕ್ಕಕ್ಕೊಂದು ಕಲ್ಲು ನಿಲ್ಲಿಸುವ ಊರಿನವನಿಗೆ ಇದು ತಿಳಿಯದ ಮಾತೇನಲ್ಲ. ಆದರೆ ಪಾಲಪ್ಪನ ಕಣ್ಣು ಪೆಟ್ರೋಲಿನ ಮೇಲಿರಲಿಲ್ಲ. ಔಷಧವನ್ನು ಸುತ್ತಿ ತಂದು ತಾಯಪ್ಪನ ಮುಖಕ್ಕೆ ಅಪ್ಪಳಿಸುತ್ತಿದ್ದುದೂ ಅದೇ ಸುಳಿ.

ನಾಲ್ಕು ದಿನ ತಗಡು ಬಡಿದು, ಮೊಳಕ್ಕಿಂತ ಎತ್ತರದ ಎರಡು ಹಲಗೆ ಮಾಡಿ ರೆಕ್ಕೆಗಳ ತುದಿಗೆ ನೆಟ್ಟಗೆ ಕೂರಿಸಿದ. ಹಾರಿಸಿ ನೋಡಿದರು. ಔಷಧ ಚೆದುರದೆ ಸಾಲಾಗಿ ಇಳಿಯಿತು. ನೂರು ಲೀಟರಿಗೆ ಐದು ಲೀಟರು ಉಳಿಯಿತು. ಆ ಸಂಜೆ ತಾಯಪ್ಪ ರೊಟ್ಟಿ ತಿಂದು ಅರಗಿಸಿಕೊಂಡ.

ಹಾಲಸ್ವಾಮಿಗೆ ಐದು ಸಾಲಲಿಲ್ಲ. ಪೆಟ್ರೋಲಿನ ಭಾರ ಇಳಿದಷ್ಟೂ ಔಷಧ ಹೆಚ್ಚು ಹೇರಬಹುದು, ಎಕರೆ ಲೆಕ್ಕದ ಗುತ್ತಿಗೆ ಬೇಗ ಮುಗಿಯುತ್ತದೆ. ಪೆಟ್ರೋಲಿನ ಟ್ಯಾಂಕಿಗೆ ಇಳಿಬಿಟ್ಟು ನೋಡುವ ಬಿದಿರು ಕಡ್ಡಿಗೆ ಮೂರು ಗೀರುಗಳಿದ್ದವು. ಎಲ್ಲಕ್ಕಿಂತ ಮೇಲಿನ ಮೂರನೆಯದು ಒದ್ದೆಯಾಗದೆ ವಿಮಾನ ಏಳಬಾರದು ಎಂಬುದು ಅಲ್ಲಿಯ ಕಟ್ಟಳೆ. ಹಾಲಸ್ವಾಮಿ ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ಹೊಸ ಗೀರು ಕೊಯ್ದು, ಇನ್ನು ಇಷ್ಟೇ ಸಾಕು ಅಂದ.

ಪಾಲಪ್ಪ ಅಡ್ಡ ನಿಂತ. "ಉಳಿಯೋದು ಒಂದ್ ಬೆರಳು, ಧಣಿ. ನೀವು ನಾಕು ಕಡದೀರಿ."

ಬಾರುಕೋಲು ಅವನ ಕೆನ್ನೆಯಿಂದ ಕೊರಳ ತನಕ ಎಳೆಯಿತು. ರಕ್ತ ಅಂಗಿಯ ಒಳಕ್ಕೆ ಇಳಿಯಿತು.

"ಯಾಕಲೇ, ಕೈ ಎಲ್ಲಿ ಅಡವಿಟ್ಟಿ? ದವಡಿ ಮುರದ ಗಂಡು ಅಂತ ಕೇಳಿದ್ದೆ."

ಪಾಲಪ್ಪನ ಕೈಗಳು ಬೆನ್ನ ಹಿಂದೆಯೇ ಇದ್ದವು. ಪಾಲಪ್ಪ ಪೈಲಟ್ ಹತ್ತಿರ ಹೋಗಿ ಹೇಳಿದ. ಅವನು ನಕ್ಕು, ನಿನ್ನ ರೆಕ್ಕೆ ಇದೆಯಲ್ಲ ಅಂದುಬಿಟ್ಟ. ತಾಯಪ್ಪನಿಗೆ ಇವತ್ತು ನಿಲ್ಲಬೇಡ ಅಂದರೆ, ಅವನು ಬೆನ್ನಿನ ಬಾಸುಂಡೆ ತೋರಿಸಿ, "ಇದರ ಮ್ಯಾಲ ಇನ್ನೊಂದು ತಡಿಯಂಗಿಲ್ಲಣ್ಣ" ಅಂದು ಬಾವುಟ ಹೊತ್ತು ನಡೆದ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಎದುರು ಗಾಳಿ ಜೋರಿತ್ತು. ಗದ್ದೆಯ ಅಂಚಿಗೆ ಕರೆಂಟಿನ ತಂತಿ ಇದ್ದುದರಿಂದ ಸುತ್ತು ದೊಡ್ಡದಾಯಿತು. ಕೊನೆಯ ಸಾಲಿಗೆ ತಿರುಗುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ವಿಮಾನ ಸದ್ದಿಲ್ಲದೆ ಓರೆಯಾಗಿ ಬದುವಿನ ಕಡೆಗೆ ಜಾರಿತು. ತಾಯಪ್ಪ ಬಾವುಟ ಬಿಸಾಕಿ ಓಡಿದ. ಪಾಲಪ್ಪ ಬಡಿದು ಕೂರಿಸಿದ ಹಲಗೆಯೇ ಅವನ ಸೊಂಟಕ್ಕೆ ಕುಡಗೋಲಿನಂತೆ ತಾಗಿತು. ವಿಮಾನ ಕೆಸರಿಗೆ ಮೂಗು ನೆಟ್ಟಿತು. ಪೈಲಟ್‌ನನ್ನು ಪಕ್ಕೆಲುಬು ಮುರಿದ ಸ್ಥಿತಿಯಲ್ಲಿ ಹೊರಗೆಳೆದು ಹಾಕಿದರು. ತಾಯಪ್ಪನ ಮೈ ಎರಡು ತುಂಡಾಗಿತ್ತು, ಎರಡು ಕಡೆಯಿಂದ ಎತ್ತಿ ತರಬೇಕಾಯಿತು.

ಪಾಲಪ್ಪ ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆಸರಲ್ಲಿ ಕುಂತ. ಕಳೆ ಕೀಳುತ್ತಿದ್ದ ಹೆಂಗಸರು, ನೀರು ಕಟ್ಟುತ್ತಿದ್ದ ಗಂಡಸರು ಸುತ್ತ ನೆರೆದರು. ಹಾಲಸ್ವಾಮಿ ಜೀಪಿನಿಂದ ಇಳಿದವನು ಹೆಣದ ಕಡೆ ನೋಡದೆ ವಿಮಾನದ ಹೊಟ್ಟೆಗೆ ಬಗ್ಗಿ, ಔಷಧ ಚೆಲ್ಲಿತೋ ಉಳಿಯಿತೋ ಎಂದು ಕೇಳಿದ. ಅಡ್ಡ ಬಂದ ಮುದುಕನ ಮುಖಕ್ಕೆ ಬಾರುಕೋಲು ಬೀಸಿದ. ಅದೇ ಕೊನೆ. ಹಿಂದಿನಿಂದ ಯಾರೋ ಸಲಿಕೆಯ ಕಾವಿನಿಂದ ಅವನ ಮೊಣಕಾಲಿಗೆ ಹೊಡೆದರು. ಬಿದ್ದವನನ್ನು ಕೂದಲು ಹಿಡಿದು ಪಾಲಪ್ಪನ ಮುಂದಕ್ಕೆ ಎಳೆದು ತಂದರು. ನೀರು ಕಟ್ಟುವ ಎರ್ರೆಪ್ಪ ತನ್ನ ಸಲಿಕೆಯನ್ನು ಪಾಲಪ್ಪನ ಕಡೆಗೆ ಚಾಚಿದ.

"ಮೊದಲನೇ ಏಟು ನಿಂದು, ಅಣ್ಣ."

ಪಾಲಪ್ಪ ಸಲಿಕೆ ಮುಟ್ಟಲಿಲ್ಲ. ಹಾಲಸ್ವಾಮಿ ಕೆಸರು ಉಗುಳಿ ಅವನ ಪಾದ ಹಿಡಿದುಕೊಂಡ. "ಪಾಲಪ್ಪ, ನೀ ಒಂದ್ ಮಾತು ಬ್ಯಾಡ ಅಂದ್ರ ಇವರು ಬಿಡ್ತಾರ. ಅಂದುಬಿಡಪ್ಪ."

ಅದು ನಿಜ. ಸುತ್ತ ನಿಂತವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಪಾಲಪ್ಪ ಪಾದವನ್ನು ಹಿಂದಕ್ಕೆ ಎಳೆದುಕೊಂಡು, ತಮ್ಮನ ಕಣ್ಣ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸತೊಡಗಿದ. ಎರ್ರೆಪ್ಪ ಇನ್ನಷ್ಟು ಹೊತ್ತು ಕಾದ. ಆಮೇಲೆ ಸಲಿಕೆ ಎತ್ತಿದ. ಹಿಂದೆಯೇ ಉಳಿದವರೂ ಬಿದ್ದರು. ಮೊದಲು ಕೂಗು ಕೇಳಿಸುತ್ತಿತ್ತು. ಕೂಗು ನಿಂತ ಮೇಲೂ ಏಟು ನಿಲ್ಲಲಿಲ್ಲ.

ಹಾಲಸ್ವಾಮಿ ಆ ಬದುವಿನ ಮೇಲೆಯೇ ಸತ್ತ. ಪಾಲಪ್ಪ ಯಾರ ಮೇಲೂ ಕೈ ಎತ್ತಲಿಲ್ಲ. ತಾಯಿಗೆ ಕೊಟ್ಟ ಮಾತು ಉಳಿಸಿಕೊಂಡ.